ಗಾಳಿ ಬಂದಾಗ ಮಲಗುವ ಪಾಚಿ

ಭಾನುವಾರ ಬೆಳಿಗ್ಗೆ ಶಿಕಾರಿಪುರದಲ್ಲಿ ಸೊರಬದ ಬಸ್ಸು ಹತ್ತಿದಾಗ ನನ್ನ ತೊಡೆಯ ಮೇಲೊಂದು ಅಲ್ಯೂಮಿನಿಯಂ ಚೌಕಟ್ಟಿತ್ತು, ಪಕ್ಕದಲ್ಲಿ ಹೆಂಡತಿ ಮಂಗಳಾ ಇದ್ದಳು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಇಬ್ಬರಿಗೂ ಐವತ್ತರ ಆಸುಪಾಸು. ನಾನು ಶಿಕಾರಿಪುರದಲ್ಲಿ ತಮ್ಮನ ಜೊತೆ ಕಬ್ಬಿಣದ ಅಂಗಡಿ ನಡೆಸುವವನು, ಅವಳು ಸೊರಬದಲ್ಲಿ ಸಸ್ಯಶಾಸ್ತ್ರದ ಉಪನ್ಯಾಸಕಿ. ವಾರವೆಲ್ಲ ಅವಳು ಅಲ್ಲಿ, ನಾನು ಇಲ್ಲಿ. ಶನಿವಾರ ಸಂಜೆ ಅವಳೇ ಬರುತ್ತಿದ್ದಳು. ಶಿಕಾರಿಪುರಕ್ಕೆ ವರ್ಗ ಮಾಡಿಸಿಕೋ ಎಂದು ಆ ದಿನ ಕೇಳಿಯೇ ಬಿಡಬೇಕೆಂದು ನಿಶ್ಚಯಿಸಿಕೊಂಡು ಹೊರಟಿದ್ದೆ.

ಕಂಡಕ್ಟರ್ ಅವಳಿಗೆ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟು, ನನ್ನ ಹತ್ತಿರ ದುಡ್ಡು ತೆಗೆದುಕೊಂಡು, ಚೌಕಟ್ಟಿನ ಕಡೆ ಬೆರಳು ತೋರಿಸಿದ. "ಇದೇನ್ರೀ ಇದು?"

"ಪಾಚಿ ನೋಡೋದ್ರೀ," ಎಂದೆ. ಅವನು ಇನ್ನೇನೂ ಕೇಳದೆ ಮುಂದೆ ಹೋದ.

ಶಿರಾಳಕೊಪ್ಪದಲ್ಲಿ ಬಸ್ಸು ಸ್ವಲ್ಪ ಹೊತ್ತು ನಿಂತಿತು. ಚಹಾ ಕುಡಿದು, ಮಂಡಕ್ಕಿ ಮಿರ್ಚಿ ತಿಂದೆವು. ಈ ಚೌಕಟ್ಟನ್ನು ಅವಳು ಹೇಳಿದ ಅಳತೆಗೆ ನಾನೇ ಕೂಡಿಸಿದ್ದರೂ, ಅದರಿಂದ ಏನು ನೋಡುತ್ತಾರೆಂದು ಸರಿಯಾಗಿ ಕೇಳಿರಲಿಲ್ಲ. ಈಗ ಕೇಳಿದೆ.

"ಕೆರೆ ನೀರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತಲ್ಲ, ಕೆಲವು ದುಂಡಗೆ, ಕೆಲವು ಕಡ್ಡಿ ಹಂಗೆ ಉದ್ದ," ಎಂದಳು. "ದುಂಡಗಿರೋದಕ್ಕೆ ಬಿಸಿಲು ಯಾವ ಕಡೆಯಿಂದ ಬಿದ್ರೂ ಒಂದೇ. ಉದ್ದದ್ದು ನೆಟ್ಟಗೆ ನಿಂತ್ರೆ ತುದಿಗಷ್ಟೇ ಬೀಳುತ್ತೆ. ಅಡ್ಡ ಮಲಗಿದ್ರೆ ಮೈತುಂಬ."

"ಮಲಗಿಸೋರು ಯಾರು?"

"ನೀರು. ಗಾಳಿಗೆ ಮೇಲಿನ ನೀರು ಬೇಗ ಸರಿದು, ಕೆಳಗಿಂದು ನಿಧಾನ ಆದ್ರೆ ಉದ್ದದ್ದು ತಿರುಗಿ ಅಡ್ಡ ಆಗುತ್ತೆ. ಆಗಾಗ ಮಗುಚಿದ್ರೂ ಜಾಸ್ತಿ ಹೊತ್ತು ಹಂಗೇ ಇರುತ್ತೆ."

ಪ್ರಯೋಗಾಲಯದ ತೊಟ್ಟಿಯಲ್ಲಿ ಇದು ಕಾಣುತ್ತದಂತೆ. ಕೆರೆಯಲ್ಲಿ ತೋರಿಸುವುದೇ ಕಷ್ಟ. ನೀರನ್ನು ಬಾಟಲಿಗೆ ತುಂಬಿದ ಕೂಡಲೇ ಪಾಚಿ ಮಲಗಿದ ರೀತಿ ಕೆಡುತ್ತದೆ. ಅದಕ್ಕೇ ಕ್ಯಾಮೆರಾವನ್ನು ನೀರೊಳಗೇ ಇಳಿಸಬೇಕು. ಹಿಂದಿನ ಸಲ ಬಳಸಿದ ಗಾಜಿನ ಪೆಟ್ಟಿಗೆ ನೀರಿನ ಹರಿವನ್ನೇ ತಡೆದಿತ್ತು. ನಾನು ಮಾಡಿದ್ದರಲ್ಲಿ ನೀರು ಹಾದುಹೋಗುವ ಹಾಗೆ ಎರಡು ಗಾಜಿನ ನಡುವಿನ ಜಾಗ ಎರಡೂ ಕಡೆ ತೆರೆದಿತ್ತು.

"ಈ ಸಲವೂ ಆಗದಿದ್ರೆ ಬಿಟ್ಟುಬಿಡ್ತೀನಿ," ಎಂದಳು. ಬಿಟ್ಟರೆ ವರ್ಗದ ಮಾತು ಸುಲಭವಾಗುತ್ತದೆ ಎಂದು ನನಗನ್ನಿಸಿತು. ಆದರೆ ಅವಳ ಮುಖ ನೋಡಿ, ಆ ಮಾತೆತ್ತದೆ ಚಹಾದ ದುಡ್ಡು ಕೊಡಲು ಎದ್ದೆ.

ಸೊರಬದಲ್ಲಿ ಬಸ್ಸು ಬದಲಿಸಿ ಹೊಸಬಾಳೆಯಲ್ಲಿ ಇಳಿದೆವು. ಅಲ್ಲಿಯ ಕೆರೆಯಲ್ಲಿ ಮೀನು ಹಿಡಿಯುವ ಗುತ್ಯಪ್ಪ ಅವಳಿಗೆ ಪರಿಚಯದವನು. ಅವನ ತೆಪ್ಪದಲ್ಲಿ ಮೂವರೂ ಕೂತೆವು. ನೀರು ಕದಲುತ್ತಿರಲಿಲ್ಲ. ಮಂಗಳಾ ಚೌಕಟ್ಟಿಗೆ ಕ್ಯಾಮೆರಾ ಸಿಕ್ಕಿಸಿ ನೀರಿಗಿಳಿಸಿ, ವೈರಿನ ಈಚೆ ತುದಿಗಿದ್ದ ಪರದೆಯನ್ನು ನನಗೆ ತೋರಿಸಿದಳು. ಚೆಲ್ಲಿದ ಬೆಂಕಿಕಡ್ಡಿಗಳ ಹಾಗೆ ಪಾಚಿಯ ಎಳೆಗಳು ಅಡ್ಡಾದಿಡ್ಡಿಯಾಗಿ ತೇಲುತ್ತಿದ್ದವು.

"ಗಾಳಿ ಬೇಕು," ಎಂದಳು.

"ಬಿಸ್ಲು ಏರ್ಲಿ ಮೇಡಂ, ಮಧ್ಯಾಹ್ನದ ಮ್ಯಾಲೆ ಬತ್ತದೆ," ಎಂದ ಗುತ್ಯಪ್ಪ.

ಏರಿಯ ಮೇಲೆ ಕೂತು ರೊಟ್ಟಿ, ಶೇಂಗಾ ಚಟ್ನಿ ತಿಂದು ಕಾದೆವು. ಗಾಳಿ ಬಂದಾಗ ಮತ್ತೆ ತೆಪ್ಪ ಹತ್ತಿದೆವು, ಆದರೆ ಗಾಳಿಗೆ ತೆಪ್ಪವೂ ಓಲಾಡಿ ಚೌಕಟ್ಟನ್ನು ಎಳೆದಾಡಿತು. ಪರದೆಯಲ್ಲಿ ಬರೀ ಹಸಿರು ಗೀಟು. ಹಲವು ಸಲ ಇಳಿಸಿ ಎತ್ತಿದ ಮೇಲೆ ಮಂಗಳಾ ಪರದೆಯನ್ನು ಮಡಿಲಲ್ಲಿಟ್ಟುಕೊಂಡು ಆಚೆ ದಡ ನೋಡುತ್ತ ಕೂತಳು. ಅವಳು ಹಾಗೆ ಕೂತದ್ದನ್ನು ನಾನೆಂದೂ ನೋಡಿರಲಿಲ್ಲ.

ಗುತ್ಯಪ್ಪ ಬಲೆ ಕಟ್ಟಲು ನೆಟ್ಟ ಗೂಟವೊಂದು ಹತ್ತಿರದಲ್ಲಿತ್ತು. "ಚೌಕಟ್ಟು ತೆಪ್ಪಕ್ಯಾಕೆ ಬೇಕು? ಗೂಟಕ್ಕೆ ಕಟ್ಟೋಣ," ಎಂದು ನಾನು ಉಟ್ಟ ಬಟ್ಟೆಯಲ್ಲೇ ಇಳಿದೆ. ನೀರು ಎದೆಮಟ್ಟ, ಕಾಲಡಿ ಮೆತ್ತನೆಯ ಕೆಸರು. ಗಾಳಿಗೆ ಸರಿಯುವ ನೀರು ಒಳಹೋಗಿ ಹೊರಬರುವ ಹಾಗೆ ಚೌಕಟ್ಟನ್ನು ಗೂಟದ ಪಕ್ಕಕ್ಕೆ ಕೋಲಿನಿಂದ ಚಾಚಿ ಬಿಗಿದು, ದೂರ ಸರಿದು ನಿಂತೆ.

ಮಂಗಳಾ ಪರದೆಯನ್ನು ಕಣ್ಣಿನ ಹತ್ತಿರ ಹಿಡಿದಳು. ಆಮೇಲೆ ಮೆಲ್ಲಗೆ, "ಬನ್ನಿ ಇಲ್ಲಿ, ನೋಡಿ," ಎಂದಳು.

ತೆಪ್ಪದ ಅಂಚು ಹಿಡಿದು ಕತ್ತು ಚಾಚಿದೆ. ಕಾಲುವೆಯಲ್ಲಿ ಹುಲ್ಲುಕಡ್ಡಿ ಸಾಗುವ ಹಾಗೆ ಎಳೆಗಳು ಅಡ್ಡಡ್ಡ ಮಲಗಿ ಸಾಗುತ್ತಿದ್ದವು. ಎಲ್ಲೋ ಒಂದು ಎದ್ದು ನಿಲ್ಲುವುದು, ಪಲ್ಟಿಯಾಗಿ ಮತ್ತೆ ಮಲಗುವುದು. ಅವುಗಳ ಬೆನ್ನಿನ ಮೇಲೆ ಕೆರೆಯ ಬಿಸಿಲು. ಇಷ್ಟು ವರ್ಷ ನಾನು ಕೊಳೆ ಎಂದುಕೊಂಡಿದ್ದು ಇದನ್ನೇ.

"ಆಯ್ತಾ?" ಎಂದೆ.

"ಇನ್ನೂ ಅಳೀಬೇಕು. ಇನ್ನೊಂದಷ್ಟು ದಿನ ಬರಬೇಕು. ಆದ್ರೆ ಹೌದು, ಮಲಗಿದಾವೆ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು, ಅದೇ ಸೆರಗಿನಿಂದ ನನ್ನ ಹಣೆಯ ನೀರನ್ನೂ ಒರೆಸಿದಳು. ಗುತ್ಯಪ್ಪ ಬೇರೆ ಕಡೆ ನೋಡಿದ.

ಸಂಜೆ ಗುತ್ಯಪ್ಪನ ಲುಂಗಿ, ಅಂಗಿ ತೊಟ್ಟು ಶಿಕಾರಿಪುರದ ಬಸ್ಸಿಗಾಗಿ ಸೊರಬದ ಬಸ್ ನಿಲ್ದಾಣದಲ್ಲಿ ನಿಂತೆ.

"ಬೆಳಿಗ್ಗೆಯಿಂದ ಏನೋ ಹೇಳೋ ಹಂಗಿದ್ರಿ," ಎಂದಳು ಮಂಗಳಾ.

"ಇನ್ಮೇಲೆ ಶನಿವಾರ ನಾನೇ ಬರ್ತೀನಿ. ಸೋಮವಾರನೂ ಇರ್ತೀನಿ. ಅಂಗಡಿ ತಮ್ಮ ನೋಡ್ಕೊಳ್ತಾನೆ."

"ಮನೇಲಿ ಏನಾದ್ರೂ ಅಂದ್ರೆ?"

"ಅನ್ಲಿ ಬಿಡು."

ಅವಳು ಒದ್ದೆ ಬಟ್ಟೆಯ ಚೀಲವನ್ನು ನನ್ನ ಕೈಯಿಂದ ತೆಗೆದುಕೊಂಡು, "ಹಂಗಾದ್ರೆ ಇವು ಇಲ್ಲೇ ಇರ್ಲಿ, ಒಗೆದಿಡ್ತೀನಿ," ಎಂದಳು.

ಬಸ್ಸು ತಿರುಗುವಾಗ ಕಿಟಕಿಯಿಂದ ನೋಡಿದೆ. ಅವಳು ಕೈ ಬೀಸಲಿಲ್ಲ. ಬೆಂಚಿನ ಮೇಲೆ ಕೂತು, ನೀರು ಸೋರುತ್ತಿದ್ದ ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಆಗಲೇ ಪರದೆಯ ಮೇಲೆ ಬಗ್ಗಿದ್ದಳು.