ನಾಲ್ಕು ಸಾಲಿನ ತಿದ್ದುಪಡಿ

ಜಾಲತಾಣ ನಡೆಸಲು ಎಲ್ಲರೂ ಬಳಸುವ, ಯಾರು ಬೇಕಾದರೂ ತಿದ್ದಿ ಕಳಿಸಬಹುದಾದ ಮುಕ್ತ ತಂತ್ರಾಂಶವೊಂದರಲ್ಲಿ ಕನ್ನಡದ ಒತ್ತಕ್ಷರಗಳು ಒಡೆದು ಕಾಣುತ್ತಿದ್ದವು. ಆ ಸಿಟ್ಟಿಗೇ ನಾನು ಎರಡು ವರ್ಷ ಕೂತು ಹೊಸದೊಂದನ್ನು ಬರೆದೆ. ಪುಕ್ಕಟೆಯಾಗಿ ಹಾಕಿಕೊಡುತ್ತೇನೆಂದು ಮೆಟ್ರಿ ಹಳ್ಳಿಯ ಶಾಲೆಗೂ ಹೋದೆ. ಅಲ್ಲಿನ ವಿಜ್ಞಾನದ ಟೀಚರ್ ಎಲ್ಲವನ್ನೂ ತಾಳ್ಮೆಯಿಂದ ನೋಡಿದರು.

“ಭಾಳ ಚಂದ ಐತ್ರಿ ಸರ್. ಆದ್ರ ನಮ್ಮ ಸಾಲಿಗೆ ಹಳೇದ ಸಾಕು.”

“ಅದ್ರಾಗ ಒತ್ತಕ್ಷರ ಒಡೀತಾವಲ್ರಿ ಮೇಡಂ?”

“ಒಡೀತಿದ್ವು. ಹೋದ ವರ್ಷನ ಸರಿ ಮಾಡೀನ್ರಿ. ಕೋಡ್‌ನಾಗ ನಾಲ್ಕು ಸಾಲು ತಿದ್ದಿ ಕಳಿಸ್ದೆ, ಅದನ್ನ ನಡೆಸೋರು ಸೇರಿಸ್ಕೊಂಡ್ರು.”

ಅವರು ಆ ತಂತ್ರಾಂಶದ ಪುಟ ತೆರೆದು ತೋರಿಸಿದರು. ನಿಜಕ್ಕೂ ನಾಲ್ಕೇ ಸಾಲು, ಪಕ್ಕದಲ್ಲಿ ಅವರ ಹೆಸರು. ಎರಡು ವರ್ಷದಲ್ಲಿ ಒಮ್ಮೆಯೂ ನಾನು ಆ ಕಡೆ ಇಣುಕಿರಲಿಲ್ಲ.

“ನೀವು ಒಬ್ರ ಅದೀರಿ ಸರ್,” ಎಂದರು ಮೆಲ್ಲಗೆ. “ನಾಳೆ ಬ್ಯಾಸರಾಗಿ ಬಿಟ್ರ ನಾವು ಯಾರ್ನ ಕೇಳೋಣು? ನಿಮ್ಮದ್ರಾಗ ಹುಡುಕೋ ಭಾಗ ಮಸ್ತ್ ಐತಿ. ಅದನ್ನ ಆ ಹಳೇದಕ್ಕ ಕೊಡ್ರಿ.”

ಹೊಸಪೇಟೆಗೆ ವಾಪಸಾಗುವ ಬಸ್ಸಿನಲ್ಲಿ ಆ ನಾಲ್ಕು ಸಾಲನ್ನು ಫೋನಿನಲ್ಲಿ ಮತ್ತೆ ಮತ್ತೆ ಓದಿದೆ. ತಿಂಗಳಾದ ಮೇಲೆ ಹುಡುಕುವ ಭಾಗವನ್ನು ಹಳೆಯ ತಂತ್ರಾಂಶಕ್ಕೆ ಕಳಿಸಿದೆ. ಅಲ್ಲಿ ಕನ್ನಡದ ಭಾಗ ಪರಿಶೀಲಿಸುತ್ತಿದ್ದವರು ಆ ಟೀಚರೇ. ಅದರ ಕನ್ನಡ ಸೂಚನೆಗಳಲ್ಲಿ ಕಾಗುಣಿತ ತಪ್ಪಿದೆಯೆಂದು ವಾಪಸ್ ಕಳಿಸಿದರು, ಐದನೇ ಕ್ಲಾಸಿನ ಹೋಮ್‌ವರ್ಕ್ ತಿದ್ದಿದ ಹಾಗೆ.