ಚಕ್ಕೆ ಉಳಿಸದ ಮುನಿಕೃಷ್ಣ

ಜಡಿಗೇನಹಳ್ಳಿಯ ಬಡಗಿ ಮುನಿಕೃಷ್ಣನಿಗೆ ಮರ ದಂಡವಾಗುವುದನ್ನು ಕಂಡರೆ ಆಗುತ್ತಿರಲಿಲ್ಲ. ದಾಬಸ್‌ಪೇಟೆಯ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಪೆಟ್ಟಿಗೆ ಹೊಡೆಯುತ್ತಿದ್ದಾಗ, ಒಳ್ಳೊಳ್ಳೆಯ ತುಂಡುಗಳು ಬಾಯ್ಲರಿಗೆ ಹೋಗುವುದನ್ನು ನೋಡಿ ನೋಡಿ ಅಂಟಿದ ರೋಗ ಅದು. ಈಗ ಯಾರ ಮನೆಗೆ ಹೋದರೂ ಮೊದಲ ದಿನ ಗರಗಸ ಮುಟ್ಟುವುದಿಲ್ಲ. ಹಲಗೆಗಳನ್ನು ಅಂಗಳದಲ್ಲಿ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಒರೆಸಿ, ಮತ್ತೆ ಎಳೆಯುತ್ತಾನೆ. ಮಂಚದ ಕಾಲಿನ ಪಕ್ಕ ಉಳಿದದ್ದು ಮಣೆ, ಮಣೆಯ ಪಕ್ಕ ಉಳಿದದ್ದು ಗೂಟ. ಕೂಲಿ ಕೊಡುವವರ ಕಣ್ಣಿಗೆ ಮಾತ್ರ ಇದು ಶುದ್ಧ ಸೋಮಾರಿತನ.

ಪಿಳ್ಳಣ್ಣ ತನ್ನ ಹೊಲದ ಬದುವಿನ ಹಲಸಿನ ಮರ ಕೊಯ್ಯಿಸಿ, ಮಂಚಕ್ಕೆಂದು ಇವನನ್ನು ಕರೆದ. ಮಂಚ ಒಪ್ಪಿಗೆಯಾದರೆ ಹೊಸ ಮನೆಯ ಬಾಗಿಲು ಕಿಟಕಿಗಳೂ ಇವನಿಗೇ ಎಂದು ಮಾತಾಗಿತ್ತು. ಆ ಆಸೆಗೆ ಮುನಿಕೃಷ್ಣ ಬೀಡಿಯನ್ನೂ ಕಡಿಮೆ ಮಾಡಿದ.

ಮಂಚ ಚೆನ್ನಾಗಿಯೇ ಬಂತು. ಜೊತೆಗೆ ಮಣೆಗಳು, ಒಂದು ಸ್ಟೂಲು, ಬಟ್ಟೆ ತೂಗುಹಾಕುವ ಗೂಟಗಳು. ಮಿಕ್ಕಿದ್ದು ಮೊರದಷ್ಟು ಹೊಟ್ಟು.

ಪಿಳ್ಳಣ್ಣ ಮಂಚ ನೋಡಲಿಲ್ಲ, ಅಂಗಳದ ಮೂಲೆ ನೋಡಿದ.

"ಚಕ್ಕೆ ಎಲ್ಲೋ?"

"ಉಳೀಲಿಲ್ಲಣ್ಣ."

"ನಮ್ಮಪ್ಪನ ಕಾಲದಲ್ಲಿ ಒಂದು ಬಾಗ್ಲು ಮಾಡಿಸಿದ್ರೆ ಮಳೆಗಾಲ ಪೂರ್ತಿ ನೀರೊಲೆ ಉರೀತಿತ್ತು ಕಣೋ. ಇಷ್ಟು ದೊಡ್ಡ ಮರದಲ್ಲಿ ಚಕ್ಕೇನೇ ಇಲ್ಲ ಅಂದ್ರೆ, ಅದೇನು ಕರ್ಪೂರವಾ?"

ಒಲೆಯ ಮುಂದಿದ್ದ ಪಿಳ್ಳಣ್ಣನ ಹೆಂಡತಿ ನರಸಮ್ಮ ದನಿ ಸೇರಿಸಿದಳು: "ದಿನಾ ಸಂಜೆ ಸ್ಕೂಟರ್‌ಗೆ ಚೀಲ ಕಟ್ಕೊಂಡ್ ಹೋಗ್ತಿದ್ದ. ನಾನು ಸಾಮಾನು ಅಂದ್ಕೊಂಡಿದ್ದೆ, ಪಾಪ."

ಆ 'ಪಾಪ' ಮುನಿಕೃಷ್ಣನಿಗೆ ಸರಿಯಾಗಿ ನಾಟಿತು. ಚೀಲ ಸುರಿದು ತೋರಿಸಿದ: ಉಳಿ, ಕೊಡತಿ, ಊಟದ ಡಬ್ಬಿ. ಪಿಳ್ಳಣ್ಣ ಡಬ್ಬಿಯ ಮುಚ್ಚಳವನ್ನೂ ತೆಗೆದು ನೋಡಿದ.

"ಬಾಗ್ಲು ಕೆಲಸ ಆಮೇಲೆ ನೋಡಾಣ."

ಈ ಮನೆಯಲ್ಲಿ ಮರ್ಯಾದೆ ಇರುವುದು ಚಕ್ಕೆಯಲ್ಲಿ ಎಂದು ಮುನಿಕೃಷ್ಣನಿಗೆ ಹೊಳೆಯಿತು. ಮರುದಿನ ಹೊಸಕೋಟೆಯ ಸಾಮಿಲ್ಲಿನಲ್ಲಿ ಬಿಸಾಕಿದ್ದ ತುಂಡುಗಳನ್ನು ಕೇಳಿ ಮೂಟೆ ಕಟ್ಟಿ ತಂದ. ಪಿಳ್ಳಣ್ಣ ಡೈರಿಗೆ ಹಾಲು ಹಾಕಲು ಹೋಗಿದ್ದಾಗ ಕೊಟ್ಟಿಗೆಯ ಹಿಂದೆ ಸುರಿದು, ಬಂದ ಮೇಲೆ ತೋರಿಸಿದ.

"ಇಲ್ಲೇ ಬಿದ್ದಿದ್ವು ನೋಡಣ್ಣ, ನಾನೇ ಮರ್ತಿದ್ದೆ."

ಪಿಳ್ಳಣ್ಣ ಒಂದು ತುಂಡು ಎತ್ತಿ ಮೂಸಿದ, ಬಿಸಿಲಿಗೆ ಹಿಡಿದ.

"ಹಲಸು ಹಳದಿ ಇರ್ತದೆ. ಇದು ಸಿಲ್ವರ್ ಓಕು. ಯಾರ ಮನೇದೋ?"

"ಸಾಮಿಲ್ಲಿಂದ ತಂದೆ ಅಣ್ಣ, ನಿಮ್ಮಾಣೆ."

"ಹೂಂ ಹೂಂ, ಸಾಮಿಲ್ಲು!" ಪಿಳ್ಳಣ್ಣ ಕಣ್ಣು ಮಿಟುಕಿಸಿ ಹೆಗಲ ಮೇಲೆ ಕೈಹಾಕಿದ. "ಇನ್ನೊಬ್ರ ಮನೇದು ಎತ್ಕೊಂಬಂದು ನಮ್ಮನೇಗೆ ಹಾಕ್ತಿದೀಯ. ನೀನು ನಮ್ಮೋನು ಕಣಪ್ಪಾ! ಸೋಮವಾರದಿಂದ ಬಾಗ್ಲು ಶುರು ಮಾಡು."

ಯಾರ ಒಂದು ಕಡ್ಡಿಯನ್ನೂ ಕದಿಯದವನು, ಕಳ್ಳನೆಂಬ ಭರವಸೆಯ ಮೇಲೆ ಕೆಲಸ ಗಿಟ್ಟಿಸಿಕೊಂಡು ಗೇಟಿನವರೆಗೆ ನಡೆದ. ಈ ಕೆಲಸ ಬೇಡವೆಂದು ಹೇಳಿಬಿಡಬೇಕೆಂದು ತಿರುಗಿದ. ಅಷ್ಟರಲ್ಲಿ ಒಲೆ ಊದುತ್ತಿದ್ದ ನರಸಮ್ಮ ಕೆಮ್ಮುತ್ತಾ ಕೂಗಿದಳು:

"ಮುನಿಕೃಷ್ಣಪ್ಪಾ, ಸೋಮವಾರ ನೀಲಗಿರಿ ಸೌದೆ ಇರೋರ ಮನೆ ಕಡೆಯಿಂದ ಬಾ. ಇದು ಬರೀ ಹೊಗೆ!"

"ಆಯ್ತಕ್ಕಾ" ಎಂದ ಮುನಿಕೃಷ್ಣ.