ಬೆಂಕಿಗೆ ಹಿಡಿದ ಗಿಟಾರು

ಪುಣೆಯ ಹಳೆ ಸಾಮಾನಿನ ಬಜಾರಿನಲ್ಲಿ ಪೇದ್ರು ಮಾಮಾ ಗಿಟಾರಿನ ತೂತಿಗೆ ಮೂಗಿಟ್ಟು ಮೂಸಿದ. ನಮ್ಮ ಶಿಗ್ಗಾಂವಿ ಕಡೆಯವರಿಗೆ ಹೇಳಿದರೆ ನಂಬಲಿಕ್ಕಿಲ್ಲ. ಅವನು ಗೋವೆಯವನು, ವಾದ್ಯ ರಿಪೇರಿ ಮಾಡುವವನು, ನನ್ನ ಪಕ್ಕದ ಖೋಲಿಯವನು. ಮುಗ್ಗಲು ವಾಸನೆ ಬಂದರೆ ಒಳಗಿನ ಅಂಟು ಸತ್ತಿದೆ ಎಂದ. ತೂತಿನ ಅಂಚು ಪದರು ಪದರಾಗಿದ್ದರೆ ಪ್ಲೈವುಡ್ಡು, ಮೇಲಿನ ಮರದ ಗೆರೆ ಅಂಚಿನಲ್ಲೂ ಇಳಿದಿದ್ದರೆ ಇಡೀ ಮರವಂತೆ. ಒಂದು ಕಣ್ಣು ಮುಚ್ಚಿ ಅದರ ಕತ್ತು ನೆಟ್ಟಗಿದೆಯೇ ಎಂದು ನೋಡುವುದನ್ನು ಮಾತ್ರ ಅವನು ಕಲಿಸಬೇಕಾಗಲಿಲ್ಲ. ನಮ್ಮೂರು ಹಿರೇಬೆಂಡಿಗೇರಿಯಲ್ಲಿ ಬಡಿಗೇರ ನೇಗಿಲಿನ ಈಸಿನ ಉದ್ದ ಮರ ನೋಡುವುದೂ ಹಾಗೆಯೇ.

ಊರು ಬಿಟ್ಟು ಕಾರ್ಖಾನೆ ಸೇರಿ ಆಗ ವರ್ಷವಾಗಿತ್ತು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಊರಿನಲ್ಲಿ ನಮ್ಮ ಮನೆಯವರದು ತಮಟೆಯಂಥ ಹಲಗಿ ಬಾರಿಸುವ ಕೆಲಸ. ಯಾರ ಮನೆಯಲ್ಲಿ ಸಾವಾದರೂ ಕರೆ ಬರುತ್ತಿತ್ತು, ಉಣ್ಣುವ ತಾಟು ಬಿಟ್ಟಾದರೂ ಅಪ್ಪ ಮತ್ತು ನಾನು ಏಳಬೇಕು. ಯಾರೂ ಕರೆಯದೆ ಬಾರಿಸಬಹುದಾದ, ಬೇಸರವಾದರೆ ಕೆಳಗಿಡಬಹುದಾದ ವಾದ್ಯವೊಂದು ನನಗೆ ಬೇಕಿತ್ತು. ಆ ಹಟಕ್ಕೇ ಗಿಟಾರು ಕೊಂಡೆ.

ನಮ್ಮ ಕಡೆ ಮಳೆ ಬಂದು ಹೋಗುತ್ತದೆ, ಇಲ್ಲಿ ಬಂದು ಕೂರುತ್ತದೆ. ಚಾಳಿನಲ್ಲಿ, ಅಂದರೆ ಒಂದೊಂದೇ ಖೋಲಿಯ ಸಾಲುಮನೆಗಳಲ್ಲಿ, ಗೋಡೆಗಳು ಬೆವರುತ್ತಿದ್ದವು. ಕನ್ನಡ ಆಡುವವರು ಒಬ್ಬರೂ ಇರಲಿಲ್ಲ. ಕೂತಲ್ಲಿ ಕೂರಲಾಗದೆ ಖೋಲಿಯಿಂದ ರಸ್ತೆಗೆ, ರಸ್ತೆಯಿಂದ ಖೋಲಿಗೆ ತಿರುಗುತ್ತಿದ್ದೆ. ಗಿಟಾರಿನ ದನಿಯೂ ಮಂಕಾಯಿತು. ಒಂದು ರವಿವಾರ ಶೇಗಡಿ, ಎಂದರೆ ಇದ್ದಿಲ ಒಲೆ, ಹೊತ್ತಿಸಿ ಗಿಟಾರನ್ನು ಅದರ ಮೇಲೆ ಹಿಡಿದು ತಿರುಗಿಸಿದೆ. ಯೋಚಿಸಲೇ ಇಲ್ಲ. ಹಲಗಿ ಸಡಿಲಾದರೆ ನಾವು ಕಾಯಿಸುವುದೇ ಅಲ್ಲವೇ? ತಂತಿಗಳ ಬುಡ ಹಿಡಿದಿದ್ದ ಮರದ ಪಟ್ಟಿ ಕಟಕ್ಕೆಂದು ಎದ್ದು ಬಂತು. ಊರು ಬಿಟ್ಟರೂ ಕೈ ಊರಿನದೇ ಆಗಿ ಉಳಿಯಿತಲ್ಲ ಎಂದು ಸಿಟ್ಟು ಬಂತು, ಅಳುವೂ ಬಂತು.

ಪೇದ್ರು ಮಾಮಾ ಬೈಯಲಿಲ್ಲ. ಸರಸ್ ಕರಗಿದೆ ಎಂದ. ಚರ್ಮ ಕುದಿಸಿ ಮಾಡುವ ಅಂಟಿಗೆ ಇಲ್ಲಿಯವರು ಹಾಗೆನ್ನುತ್ತಾರೆ. ಹಲಗಿಯ ಮೇಲೆ ಕಾವಿಗೆ ಬಿಗಿಯುವ ಚರ್ಮ ಗಿಟಾರಿನಲ್ಲಿ ಅಂಟಾಗಿ ಕಾವಿಗೆ ಬಿಟ್ಟುಕೊಡುತ್ತದೆ. ಪಟ್ಟಿ ಅಂಟಿಸಿಕೊಟ್ಟು, ಮಳೆಗಾಲದಲ್ಲಿ ತಂತಿ ತುಸು ಸಡಿಲಿಸು, ಗೋಡೆಗೆ ಆನಿಸಬೇಡ, ಬಟ್ಟೆ ಸುತ್ತಿ ಪೆಟ್ಟಿಗೆಯಲ್ಲಿಡು ಎಂದು ಹೇಳಿದ.

ದೀಪಾವಳಿಗೆ ಗಿಟಾರು ಹೊತ್ತು ಊರಿಗೆ ಹೋದೆ. ಅಪ್ಪನಿಗೆ ಬಾರಿಸಿ ತೋರಿಸುತ್ತಿದ್ದಾಗಲೇ ಆಳೊಬ್ಬ ಬಾಗಿಲಿಗೆ ಬಂದ. ಗೌಡರ ಮನೆಯ ಮುದುಕಿ ತೀರಿಕೊಂಡಿದ್ದಳು. ಅಭ್ಯಾಸಬಲದಿಂದ ನಾನೂ ಎದ್ದೆ.

"ನೀ ಕುಂದ್ರು. ಕರದದ್ದು ನನ್ನ, ನಿನ್ನಲ್ಲ," ಎಂದ ಅಪ್ಪ.

"ಒಬ್ಬಾವನ ಹೆಂಗ ಬಾರಸ್ತಿ ಅಪ್ಪ?"

"ಬಾರಸ್ತೇನಿ. ನೀ ನಿಂದ ಬಾರಸು."

ಅವನು ಹೋದ. ಗಿಟಾರು ತೊಡೆಯ ಮೇಲಿತ್ತು, ಬೆರಳು ಏಳಲಿಲ್ಲ. ಓಣಿಯಾಚೆ ಹಲಗಿ ಶುರುವಾಯಿತು. ಇಬ್ಬರು ಬಾರಿಸುವ ವರಸೆಯನ್ನು ಅಪ್ಪ ಒಬ್ಬನೇ ಬಾರಿಸುತ್ತಿದ್ದ. ನನ್ನ ಪೆಟ್ಟು ಬೀಳಬೇಕಾದ ಕಡೆಯಲ್ಲೆಲ್ಲ ಅಷ್ಟು ಜಾಗ ಖಾಲಿ ಬಿಟ್ಟು ಮುಂದೆ ಹೋಗುತ್ತಿದ್ದ.